ಜೋಡಿ ಮುರಿದ ಎಲೆ

ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದ ಮೇಲೆ ಗುಲಾಮ್ ದಸ್ತಗೀರರ ಬಾಯಲ್ಲಿ ಒಂದೇ ಒಂದು ಮಾತು ಉಳಿಯಿತು. ನಕ್ಕೋ. ಬೇಡ ಅನ್ನುವುದಕ್ಕೆ ಅವರ ಮನೆಮಾತಿನಲ್ಲಿರುವ ಶಬ್ದ ಅದು. ಈಗ ನೀರು ಬೇಕಾದರೂ ನಕ್ಕೋ, ಸಾಕಾದರೂ ನಕ್ಕೋ. ಹೆಂಡತಿ ಉಮ್ಮೇ ಕುಲ್ಸುಮ್ ಚಹಾದ ಬಸಿಯನ್ನು ತುಟಿಗೆ ಹಿಡಿದರೆ ನಕ್ಕೋ ಅನ್ನುತ್ತಲೇ ಅಷ್ಟೂ ಕುಡಿಯುತ್ತಿದ್ದರು. ಅರವತ್ತೇಳು ವರ್ಷ ಆಡಿದ ಉಳಿದ ಮಾತೆಲ್ಲ ಗಂಟು ಕಟ್ಟಿಕೊಂಡು ಹೊರಟುಹೋಗಿ, ಇದೊಂದು ಮಾತ್ರ ಬಸ್ಸು ತಪ್ಪಿಸಿಕೊಂಡು ಹಿಂದೆ ಉಳಿದ ಹಾಗಿತ್ತು.

ಹದಿನೈದು ದಿನದಲ್ಲಿ ಕುಲ್ಸುಮ್‌ಗೆ ಒಂದು ನಕ್ಕೋಗೂ ಇನ್ನೊಂದಕ್ಕೂ ಇರುವ ಅಂತರ ತಿಳಿಯಿತು. ಎಳೆದು ಹೇಳಿದರೆ ಹೌದು. ಕಡಿದು ಹೇಳಿದರೆ ಇಲ್ಲ. ಮೂಗಿನಲ್ಲಿ ಅಂದರೆ, ಯಾರೋ ಬಂದಾರೆ, ನನ್ನ ಲುಂಗಿ ಸರಿಮಾಡು ಅಂತ. ಆದರೆ ಮಾನ್ವಿಯ ಆ ಓಣಿಯಲ್ಲಿ ಕನ್ನಡದ ಕಿವಿಯೇ ಹೆಚ್ಚು. ಅವರಿಗೆ ಅದು ನಗು ಅಂದ ಹಾಗೆ ಕೇಳುತ್ತಿತ್ತು. ಎದುರು ಮನೆಯ ಆಟೋ ಹುಸೇನಪ್ಪ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಮುಖ ತೂರಿಸಿ, "ಸಾಬ್ರು ನಕ್ಕೋ ನಕ್ಕೋ ಅಂತಾರ, ನಾವರ ಏನ್ ಮಾಡೂದು, ನಗ್ತೀವಿ ಮತ್ತ!" ಅನ್ನುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಆಸ್ಪತ್ರೆಗೆ ಹೋಗುವ ದಿನ ದಸ್ತಗೀರರನ್ನು ಎತ್ತಿ ಆಟೋದಲ್ಲಿ ಕೂಡಿಸುವವನೂ ಅವನೇ. ನೋಡಲು ಬಂದ ಓಣಿಯ ಹೆಂಗಸರು ಮಾತ್ರ ಮಂಚದ ಮುಂದೆಯೇ ನಿಂತು, ದಸ್ತಗೀರರಿಗೆ ಕಿವಿಯೂ ಹೋಗಿದೆ ಅನ್ನುವ ಹಾಗೆ, "ತಲಿ ಪೂರ್ತಿ ಹೋಗ್ಯದ ಪಾಪ" ಅಂದು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಆಗ ದಸ್ತಗೀರ್ ಗೋಡೆ ನೋಡುತ್ತಿದ್ದರು.

ಬುಧವಾರಕ್ಕೊಮ್ಮೆ ರಾಯಚೂರು. ಧರ್ಮದ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಮಲ್ಲೇಶ್ವರಿ ಅನ್ನುವ ಮೇಡಂ ಕೂಡುತ್ತಿದ್ದಳು. ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಕೆಲಸ ಅವಳದು. ವಯಸ್ಸು ಮೂವತ್ತು ದಾಟಿರಲಿಲ್ಲ. ಮೊದಲ ಬುಧವಾರ ಅವಳು ಗಿಣಿ, ಮಾವಿನ ಹಣ್ಣು, ಬಾಚಣಿಕೆಯ ಚಿತ್ರ ಇಟ್ಟು, "ಅಜ್ಜಾರ, ಗಿಣಿ ಎಲ್ಲದ ತೋರಸ್ರಿ" ಅಂದಳು. ಮಸ್ಕತ್‌ನಲ್ಲಿ ಏಳು ವರ್ಷ ಕ್ರೇನ್ ನಡೆಸಿ ಬಂದ ದಸ್ತಗೀರ್ ಆ ಗಿಣಿಯನ್ನು ನೋಡಿದರು, ಅವಳನ್ನು ನೋಡಿದರು, ಕಡಿದು ನಕ್ಕೋ ಅಂದರು. ಎರಡನೆಯ ಬುಧವಾರವೂ ಅಷ್ಟೆ. ಮೂರನೆಯ ಸಲ ಚಿತ್ರಗಳನ್ನು ಎಡಗೈಯಿಂದ ಸರಿಸಿ ಕೆಳಗೆ ಕೆಡವಿದರು.

ಅವತ್ತು ಮಲ್ಲೇಶ್ವರಿ ಕುಲ್ಸುಮ್‌ಳನ್ನು ಪಕ್ಕದಲ್ಲಿ ಕೂಡಿಸಿಕೊಂಡಳು.

"ಯವ್ವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾತಷ್ಟ ಹೋಗಿದ್ರ ನಾ ಕಲಸ್ತೀನಿ. ತಿಳುವಳಿಕಿನ ಹೋಗಿದ್ರ ನನ್ನ ಕೈಲಿ ಆಗೂದಿಲ್ಲ. ಮೂರು ತಿಂಗಳು ಇಲ್ಲೇ ಇಟ್ಕೊಂಡು ದಿನಾ ಕಲಸೂದು ಒಂದು ಅದ. ಈಗ ಒಂದ ಜಾಗ ಖಾಲಿ ಅದ, ಐದು ಮಂದಿ ಕಾಯಾಕತ್ತಾರ. ಯಾರಿಗೆ ತಿಳುವಳಿಕಿ ಉಳದದ ಅವ್ರಿಗೇ ಕೊಡಬೇಕು ನಾ."

"ನಮ್ಮವ್ರಿಗೆ ಎಲ್ಲಾ ತಿಳೀತದ್ರಿ ಬಾಯಿ."

"ಹೆಂಡ್ರು ಮಕ್ಕಳು ಎಲ್ಲಾರೂ ಹಂಗ ಅಂತಾರ್ರಿ. ಮನ್ಯಾಗ ಅವ್ರು ತಾವಾಗೇ ತಿಳದು ಮಾಡೂದು ಏನರ ಅದ ಏನು, ನೋಡ್ರಿ. ಒಂದಾದ್ರೂ ಸಾಕು. ಆದ್ರ ಹೊರಗಿನವ್ರು ಒಬ್ಬರು ಕಣ್ಣಾರೆ ನೋಡಿ ಬಂದು ನನಗ ಹೇಳಬೇಕು. ಮುಂದಿನ ಬುಧವಾರ ಹೇಳ್ರಿ. ಲಗೂ ಕಲೀಬೇಕ್ರಿ ಅವ್ರು, ದಿನ ಹೋದಂಗ ಹೋದಂಗ ಕಠಿಣ."

ತಿರುಗಿ ಬರುವಾಗ ಬಸ್ಸು ಕಲ್ಲೂರು ದಾಟುವವರೆಗೂ ಕುಲ್ಸುಮ್ ಅದನ್ನೇ ಯೋಚಿಸಿದಳು. ಇವರು ತಾವಾಗಿಯೇ ತಿಳಿದು ಮಾಡುವುದು ಏನಿದೆ? ಕಿಟಕಿಗೆ ಒರಗಿದ್ದ ಗಂಡನ ಎಡಗೈ ತೊಡೆಯ ಮೇಲೆ ಸುಮ್ಮನೆ ಅಲುಗುತ್ತಿತ್ತು. ಹೆಬ್ಬೆರಳು ಒಂದೊಂದಾಗಿ ಏನನ್ನೋ ಸರಿಸುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಗುರುತು ಹತ್ತಿತು. ಅದು ಇಸ್ಪೀಟು ಹಂಚುವ ಕೈ.

ಇಸ್ಪೀಟು ಅಂದರೆ ಕುಲ್ಸುಮ್‌ಗೆ ಮೊದಲಿನಿಂದಲೂ ಆಗದು. ಮೂವತ್ತು ವರ್ಷದಲ್ಲಿ ಒಂದು ಎಲೆ ತನ್ನ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ದಸ್ತಗೀರ್ ಆಡುತ್ತಿದ್ದುದೆಲ್ಲ ವಿರೂಪಣ್ಣನವರ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ. ವಿರೂಪಣ್ಣ ಅವರ ಸಾಲಿ ಗೆಳೆಯರು. ಹಣೆಯ ಮೇಲೆ ಮೂರು ಬೊಟ್ಟಿನ ವಿಭೂತಿ, ಅಂಗಿಯ ತೋಳಿನ ಮೇಲೆ ಯಾವಾಗಲೂ ತೌಡಿನ ಧೂಳು. ಮರುದಿನ ಬೆಳಿಗ್ಗೆ ಕುಲ್ಸುಮ್ ತಾನಾಗಿಯೇ ಗಿರಣಿಗೆ ಹೋಗಿ ಕರೆದಾಗ ಅವರು ನಂಬಲಿಲ್ಲ.

"ಮೂವತ್ತು ವರ್ಷ ಬೈದ್ರಿ ಭಾಬಿ, ಇವತ್ತ ನೀವಾಗೇ ಎಲಿ ತಗೊಂಡು ಬರ್ರಿ ಅಂತೀರಿ. ಮಳಿ ಬರ್ತದ ನೋಡ್ರಿ ಇವತ್ತ."

"ನಗಬ್ಯಾಡ್ರಿ ಅಣ್ಣಾರ. ನೀವು ನೋಡಿ ಹೇಳಿದ್ರ ಆ ಬಾಯಿ ನಂಬ್ತಾಳ. ದುಡ್ಡು ಮಾತ್ರ ನನ್ನ ಮನ್ಯಾಗ ಇಡಂಗಿಲ್ಲ."

ದುಡ್ಡಿನ ಬದಲಿಗೆ ಹುಣಸೆ ಬೀಜ. ಒಂದೇ ಕೈಯಲ್ಲಿ ಎಲೆ ಹಿಡಿದುಕೊಂಡು ಆರಿಸಲು ಬರುವುದಿಲ್ಲವಲ್ಲ, ಅದಕ್ಕೆ ಕುಲ್ಸುಮ್ ಒಂದು ಪರಾತದ ತುಂಬ ಭತ್ತ ಸುರಿದು ಗಂಡನ ಮುಂದಿಟ್ಟಳು. ಎಲೆಯ ಬುಡವನ್ನು ಭತ್ತದಲ್ಲಿ ಚುಚ್ಚಿದರೆ ನೆಟ್ಟ ಹಾಗೆ ನಿಲ್ಲುತ್ತಿತ್ತು. ಅವಳು ಗಂಡನ ಬೆನ್ನಿಗೆ ದಿಂಬು ಕೊಟ್ಟು ಹಿಂದೆ ಕೂತಳು. ಹಾಗೆ ಅವಳಿಗೂ ಅವರ ಎಲೆ ಕಾಣುತ್ತಿದ್ದವು. ಕಂಡರೇನು, ತಿಳಿಯಬೇಕಲ್ಲ.

"ನನಗೂ ಸ್ವಲ್ಪ ಹೇಳ್ರಿ ಅಣ್ಣಾರ."

ವಿರೂಪಣ್ಣ ಹೇಳಿದರು. ಕಟ್ಟೆಯ ಮೇಲೆ ಮಂದಿ ಕೂಡಿದಾಗ ಮೂರೆಲೆ ಆಟ. ಇಬ್ಬರೇ ಇದ್ದಾಗ ದಸ್ತಗೀರ್ ಮಸ್ಕತ್‌ನಿಂದ ಕಲಿತು ಬಂದ ಐದೆಲೆಯ ಪೋಕರ್. ಐದು ಎಲೆ ಹಂಚುವುದು, ಬೇಡವಾದದ್ದನ್ನು ಒಗೆದು ಒಂದು ಸಲ ಹೊಸದು ತೆಗೆದುಕೊಳ್ಳುವುದು. ಯಾರ ಕೈ ದೊಡ್ಡದೋ ಅವರ ಬೀಜ.

"ಒಂದೇ ನಂಬರಿನ ಎರಡು ಬಂದ್ರ ಜೋಡಿ. ಎರಡು ಜೋಡಿ ಬಂದ್ರ ಅದರ ಮ್ಯಾಲ. ಮೂರೂ ಒಂದೇ ಬಂದ್ರ ಇನ್ನೂ ಮ್ಯಾಲ. ಐದೂ ಸಾಲಾಗಿ ಬಂದ್ರ ಸೀಕ್ವೆನ್ಸ್. ಐದೂ ಒಂದೇ ಗುರುತಿನವು ಬಂದ್ರ ಕಲರ್. ಅದರ ಮ್ಯಾಲ ಫುಲ್ ಹೌಸ್. ಅಂದ್ರ ಮೂರು ಒಂದ ನಮೂನಿ, ಎರಡು ಒಂದ ನಮೂನಿ."

"ಅದರ ಮ್ಯಾಲ?"

"ನಾಕೂ ಒಂದೇ ಬಂದ್ರ. ಅದರ ಮ್ಯಾಲ ಏನಿಲ್ಲ ಬಿಡ್ರಿ. ಇದ್ರೂ ಇಪ್ಪತ್ತು ವರ್ಷದಾಗ ನಾ ನೋಡಿಲ್ಲ. ಏನಲೇ ದಸ್ತಗೀರಾ, ಅದ ಏನು?"

"ನಕ್ಕೋ," ಅಂದರು ದಸ್ತಗೀರ್, ಎಳೆದು.

"ಇಲ್ಲ ಅಂತಾನ," ಅಂದರು ವಿರೂಪಣ್ಣ. ಕುಲ್ಸುಮ್‌ಳ ಗಮನ ಬೀಜ ಎಣಿಸುವುದರಲ್ಲಿತ್ತು.

ಮೊದಲ ಎರಡು ದಿನ ಆಟ ಏರುಪೇರಾಗಿ ನಡೆಯಿತು. ಎಡಗೈಗೆ ಎಲೆ ಜಾರುತ್ತಿದ್ದವು, ಬೀಜ ಭತ್ತದಲ್ಲಿ ಬೆರೆಯುತ್ತಿದ್ದವು. ಆದರೂ ದಸ್ತಗೀರರ ಮುಖಕ್ಕೆ ಕಳೆ ಬಂದಿತ್ತು. ಶನಿವಾರ ಒಂದು ಸಲ ಗೆದ್ದು ಬೀಜ ಎಳೆದುಕೊಂಡಾಗ ವಿರೂಪಣ್ಣ ಎದ್ದು ಕುಣಿಯುವುದೊಂದು ಬಾಕಿ. "ಭಾಬಿ, ನಿಮ್ಮ ಗಂಡ ಅಲ್ಲೇ ಅದಾನ್ರಿ! ಒಳಗ ಕುಂತಾನ, ಬಾಗಲಾ ಹಾಕ್ಕೊಂಡು ಕುಂತಾನ ಅಷ್ಟ! ಬುಧವಾರ ನಾನೂ ಬರ್ತೀನಿ. ಆ ಮೇಡಮ್ಮಗ ಎದಿ ಬಡದು ಹೇಳ್ತೀನಿ."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕೂತರು. ದಸ್ತಗೀರ್ ತಮ್ಮ ಐದು ಎಲೆಗಳನ್ನು ಭತ್ತದಲ್ಲಿ ನೆಟ್ಟರು. ಹಿಂದಿನಿಂದ ಕುಲ್ಸುಮ್ ನೋಡಿದಳು. ನಾಲ್ಕು ಕಪ್ಪು, ಮೂರೆಸಳಿನ ಹೂವಿನಂಥ ಕಳಾವರ ಗುರುತಿನವು: ಆರು, ಏಳು, ಎಂಟು, ಒಂಬತ್ತು. ಐದನೆಯದು ಕೆಂಪು, ಅದೂ ಒಂಬತ್ತು. ಎರಡು ಒಂಬತ್ತು, ಜೋಡಿ ಬಂತಲ್ಲ ಅಂದುಕೊಂಡು ಅವಳಿಗೇ ಸಂತೋಷವಾಯಿತು. ದಸ್ತಗೀರರ ಎಡಗೈ ಎಲೆಗಳ ಮೇಲೆ ಬಹಳ ಹೊತ್ತು ಸುಳಿದಾಡಿತು. ಆಮೇಲೆ ಕೆಂಪು ಒಂಬತ್ತನ್ನು ಭತ್ತದಿಂದ ಕಿತ್ತು ಒಗೆದರು.

ಒಗೆದ ಎಲೆ ಅಂಗಾತ ಬಿದ್ದಿತು. ವಿರೂಪಣ್ಣ ಇಣುಕಿ ಕುಲ್ಸುಮ್‌ಳ ಕಡೆ ನೋಡಿದರು. "ಇನ್ನೊಂದು ಒಂಬತ್ತು ಅದ ಏನ್ರಿ ಅವನ ಹತ್ರ?"

ಅವಳು ತಡೆಯಲಾರದೆ ಹೌದೆಂದು ತಲೆಯಾಡಿಸಿದಳು.

"ಕೈಯಾಗಿನ ಜೋಡಿ ಮುರದು ಒಗದ್ಯಲ್ಲೋ ಮಾರಾಯಾ! ಸಣ್ಣ ಹುಡುಗ್ರೂ ಒಗಿಯಂಗಿಲ್ಲ."

ದಸ್ತಗೀರ್ ಹೊಸ ಎಲೆ ತೆಗೆದುಕೊಂಡು ನೆಟ್ಟರು. ಕಳಾವರ ಹತ್ತು. ಅವರ ಬೆನ್ನು ದಿಂಬಿನಿಂದ ಒಂದು ಗೇಣು ಮುಂದೆ ಸರಿದದ್ದು ಕುಲ್ಸುಮ್‌ಳ ಅಂಗೈಗೆ ತಿಳಿಯಿತು. ಆಮೇಲೆ ಅವರು ತಮ್ಮ ಬೀಜದ ಗುಡ್ಡೆಗೆ ಎಡಗೈ ಅಡ್ಡ ಹಿಡಿದು ಅಷ್ಟನ್ನೂ ನಡುವೆ ದೂಡಿದರು.

"ಅಷ್ಟೂ ಏನು?"

"ನಕ್ಕೋ."

"ನಕ್ಕೋ ಅಂತಾನ, ದೂಡತಾನ. ಏನಂತ ತಿಳೀಬೇಕ್ರಿ ನಾ?"

"ಎಳದು ಅಂದ್ರಲ್ಲ ಅಣ್ಣಾರ. ಎಳದ್ರ ಹೌದು ಅಂತ."

ವಿರೂಪಣ್ಣ ನಕ್ಕು ತಮ್ಮದನ್ನೂ ದೂಡಿ ಎಲೆ ಹಾಸಿದರು. ಮೂರು ಎಕ್ಕ, ಎರಡು ರಾಜ. "ಫುಲ್ ಹೌಸ್. ಅದೂ ಎಲ್ಲಾಕ್ಕಿಂತ ದೊಡ್ಡ ಫುಲ್ ಹೌಸ್. ಬಿಡು, ನಾಳಿ ಗೆಲ್ಲೀಯಂತ."

ದಸ್ತಗೀರ್ ಅವಸರ ಮಾಡಲಿಲ್ಲ. ಒಂದೊಂದೇ ಎಲೆ ಕಿತ್ತು, ಅಂಟಿದ ಭತ್ತದ ಹೊಟ್ಟನ್ನು ಲುಂಗಿಗೆ ಒರೆಸಿ, ಅಂಚಿಗೆ ಅಂಚು ಕೂಡಿಸಿ ಇಟ್ಟರು. ಆರು, ಏಳು, ಎಂಟು, ಒಂಬತ್ತು, ಹತ್ತು. ಇಟ್ಟು ಗೆಳೆಯನ ಮುಖ ನೋಡಿದರು. ಪಕ್ಕಕ್ಕೆ ಬಾಗಿದ ಕುಲ್ಸುಮ್‌ಗೆ ಅವರ ಕಣ್ಣು ಕಂಡವು. ಏನಕ್ಕೋ ಕಾಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮೊದಲ ಸಂಬಳ ತಂದು ಅವಳ ಕೈಯಲ್ಲಿಟ್ಟಾಗ ಹೀಗೆಯೇ ಕಾದಿದ್ದರು.

ವಿರೂಪಣ್ಣ ಕನ್ನಡಕ ಏರಿಸಿ ಬಾಗಿದರು. "ಸಾಲಾಗಿ ಬಂದಾವ. ಸೀಕ್ವೆನ್ಸ್. ಎಲ್ಲಾ ಕಳಾವರ, ಕಲರೂ ಆತು. ಚಲೋ ಎಲಿ ಲೇ. ಆದ್ರ ಸೀಕ್ವೆನ್ಸೂ ಫುಲ್ ಹೌಸ್‌ಗಿಂತ ಕೆಳಗ, ಕಲರೂ ಕೆಳಗ. ಮೂರೆಲಿ ಆಟದಾಗೂ ಹಂಗ ಅಲ್ಲೇನು? ಒಂದೇ ಗುರುತಿನ ಸಾಲು ಬಂದ್ರೂ ಮೂರು ಎಕ್ಕದ ಮುಂದ ನಡಿಯಂಗಿಲ್ಲ." ಹೀಗೆ ಹೇಳಿ ಬೀಜ ಎಳೆದುಕೊಳ್ಳಲು ಕೈ ಚಾಚಿದರು.

ದಸ್ತಗೀರ್ ಆ ಕೈಯ ಮಣಿಕಟ್ಟು ಹಿಡಿದರು. "ನಕ್ಕೋ." ಕಡಿದು.

"ಸೋತೀಯಪಾ."

"ನಕ್ಕೋ!" ಎಲೆಗಳ ಮೇಲೆ ಬೆರಳು ಬಡಿದರು. ಸಾಲನ್ನು ತೋರಿಸಿದರು, ಕಪ್ಪು ಗುರುತನ್ನು ತೋರಿಸಿದರು, ಎರಡು ಬೆರಳು ಕೂಡಿಸಿ ಎತ್ತಿ ಹಿಡಿದರು. "ನಕ್ಕೋ, ನಕ್ಕೋ, ನಕ್ಕೋ." ಬಾಯಿಯ ಸೊಟ್ಟ ಬದಿಯಿಂದ ಜೊಲ್ಲು ಇಳಿಯಿತು. ವಿರೂಪಣ್ಣ ಕೈ ಬಿಡಿಸಿಕೊಳ್ಳುವ ಭರದಲ್ಲಿ ಪರಾತ ಮಗುಚಿತು. ಭತ್ತ, ಬೀಜ, ಎಲೆ ಎಲ್ಲಾ ನೆಲದ ಮೇಲೆ. ಓಣಿಯ ಎರಡು ಮೂರು ಮಂದಿ ಬಾಗಿಲಿಗೆ ಬಂದರು.

ವಿರೂಪಣ್ಣನವರ ಕಣ್ಣಲ್ಲಿ ನೀರು ಬಂದಿತ್ತು. "ಮೂವತ್ತು ವರ್ಷದಾಗ ಸೋತಾಗ ಒಂದ ಸಲಾನೂ ತಕರಾರು ಮಾಡಿದವಲ್ಲ ಭಾಬಿ ಇವ. ಲುಂಗಿ ಝಾಡಿಸ್ಕೊಂಡು ಎದ್ದು ಹೋಗಾವ. ಇದು ನಮ್ಮ ದಸ್ತಗೀರ ಅಲ್ಲ."

ಅವರು ಹೋದ ಮೇಲೆ ಕುಲ್ಸುಮ್ ಕತ್ತಲಾಗುವವರೆಗೆ ಭತ್ತ ಬಳಿದು, ಬೀಜ ಆರಿಸಿದಳು. ಗಂಡ ಸಾಲಾಗಿ ಇಟ್ಟಿದ್ದ ಐದು ಎಲೆಗಳನ್ನು ಮಾತ್ರ ಬೇರೆಯಾಗಿ ತೆಗೆದು, ಅದೇ ಕ್ರಮದಲ್ಲಿ ರಬ್ಬರ್ ಹಾಕಿ ಇಟ್ಟುಕೊಂಡಳು. ಯಾಕೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬುಧವಾರ ವಿರೂಪಣ್ಣ ಕೊಟ್ಟ ಮಾತಿನಂತೆ ರಾಯಚೂರಿಗೆ ಬಂದರು. ಬಸ್ಸಿನಲ್ಲಿ ಕುಲ್ಸುಮ್ ಕೇಳಿದಳು, "ಶನಿವಾರದ್ದಷ್ಟ ಹೇಳ್ರಿ ಅಣ್ಣಾರ. ಭಾನುವಾರದ್ದು ಬ್ಯಾಡ." ಅವರು ಕಿಟಕಿಯ ಹೊರಗೆ ನೋಡುತ್ತ, "ಐದು ಮಂದಿ ಕಾಯಾಕತ್ತಾರ ಅಂತ ನೀವೇ ಹೇಳಿದ್ರಿ. ಸುಳ್ಳು ಹೇಳಿ ಮಂದಿ ಜಾಗಾ ಕಸಗೊಂಡ್ರ ಶಿವ ಮೆಚ್ಚತಾನೇನ್ರಿ?" ಅಂದರು. ಆ ಮನುಷ್ಯ ತೂಕ ತಪ್ಪಬಾರದೆಂದು ಗಿರಣಿಯಲ್ಲಿ ತೂಕದ ಕಲ್ಲನ್ನು ದಿನಾ ತೊಳೆದಿಡುವವರು.

ಗಾಲಿಕುರ್ಚಿಯಲ್ಲಿ ದಸ್ತಗೀರ್ ನಡುವೆ. ಆಚೆ ಮಲ್ಲೇಶ್ವರಿ, ಈಚೆ ಇವರಿಬ್ಬರು.

"ಎಲಿ ಗುರುತು ಹಿಡೀತಾರೇನ್ರಿ?"

"ಹಿಡೀತಾನ್ರಿ. ಸಾಲಾಗಿ ಹೊಂದಸ್ತಾನ."

"ಗೆದ್ದದ್ದು ಸೋತದ್ದು ತಿಳೀತದ?"

ವಿರೂಪಣ್ಣ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಎಲ್ಲವನ್ನೂ ಹೇಳಿದರು. ಶನಿವಾರ ಗೆದ್ದದ್ದು ಹೇಳಿದರು. ಜೋಡಿ ಮುರಿದು ಒಗೆದದ್ದು ಹೇಳಿದರು. ಸೋತ ಎಲೆ ಇಟ್ಟುಕೊಂಡು ಗೆದ್ದೆನೆಂದು ಕೈ ಹಿಡಿದದ್ದು, ಪರಾತ ಮಗುಚಿದ್ದು ಹೇಳಿದರು. "ಯಾವುದು ಹೆಚ್ಚು, ಯಾವುದು ಕಡಿಮಿ ಅನ್ನೂದು ಹೋಗ್ಯದ್ರಿ ಬಾಯಿ," ಅಂದು ಟೋಪಿಯಿಂದ ಮುಖ ಒರೆಸಿಕೊಂಡರು.

ಮಲ್ಲೇಶ್ವರಿಗೆ ಇಸ್ಪೀಟು ಗೊತ್ತಿರಲಿಲ್ಲ. "ಅಂದ್ರ ಗುರುತು ಉಳದದ, ಅರ್ಥ ಉಳದಿಲ್ಲ," ಅಂದುಕೊಂಡು ಬರೆದಳು.

"ಇಲ್ರಿ ಬಾಯಿ," ಅಂದಳು ಕುಲ್ಸುಮ್. "ಅವತ್ತ ಅವ್ರ ಕಣ್ಣು ನಾ ನೋಡೀನಿ."

"ಏನ್ ನೋಡೀರಿ ಯವ್ವಾ?"

"ಗೆದ್ದವ್ರ ಕಣ್ಣು."

ಮಲ್ಲೇಶ್ವರಿ ಅವಳ ಕೈ ಮುಟ್ಟಿದಳು. ಅಷ್ಟರಲ್ಲಿ ದಸ್ತಗೀರ್ ಬಾಯಿ ತೆರೆದರು. ಎಳೆದು ಒಂದು ನಕ್ಕೋ. ಕಡಿದು ಒಂದು. ಮೂಗಿನಲ್ಲಿ ಒಂದು. ಕುಲ್ಸುಮ್ ಅದುವರೆಗೆ ಕೇಳಿಯೇ ಇರದ, ತಗ್ಗಿನ, ಬೇಡುವ ದನಿಯಲ್ಲಿ ಇನ್ನೊಂದು. ಕೋಣೆಯಲ್ಲಿದ್ದ ಉಳಿದ ಇಬ್ಬರಿಗೆ ಅದೆಲ್ಲ ಒಂದೇ ಮಾತಾಗಿ ಕೇಳಿಸಿತು. ಮಲ್ಲೇಶ್ವರಿ ಆಗದೆಂದು ಮೆತ್ತಗೆ ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಜಾಗ ಲಿಂಗಸುಗೂರಿನ ಯಾರಿಗೋ ಹೋಯಿತು.

ಅದೇ ಕೊನೆ. ಅವತ್ತಿನಿಂದ ದಸ್ತಗೀರ್ ನಕ್ಕೋ ಅನ್ನುವುದನ್ನೂ ಬಿಟ್ಟರು. ಬಸಿ ಹಿಡಿದರೆ ಕುಡಿಯುತ್ತಿದ್ದರು, ಹಿಡಿಯದಿದ್ದರೆ ಇಲ್ಲ. ಹುಸೇನಪ್ಪ ಕಿಟಕಿಯಲ್ಲಿ ಮುಖ ಹಾಕಿ, "ಸಾಬ್ರ, ನಗ್ಲೇನು?" ಅಂದು ಕಾದ. ಉತ್ತರ ಬರದಿದ್ದಾಗ ಪೆಚ್ಚಾಗಿ, "ಏನಾತಬೇ ಇವ್ರಿಗೆ?" ಅಂತ ಕುಲ್ಸುಮ್‌ಳನ್ನು ಕೇಳಿದ.

ಮೂರನೆಯ ದಿನ ಅವಳು ಹುಸೇನಪ್ಪನ ಹೆಂಡತಿಯನ್ನು ಗಂಡನ ಹತ್ತಿರ ಕೂಡಿಸಿ, ಸಿರವಾರದ ಮೇಲೆ ಹೋಗುವ ದೇವದುರ್ಗದ ಬಸ್ಸು ಹತ್ತಿದಳು. ದೇವದುರ್ಗದಲ್ಲಿ ಸತ್ತಾರ್ ಸಾಬರ ಗಾದಿ ಅಂಗಡಿ. ಮಸ್ಕತ್‌ನಲ್ಲಿ ದಸ್ತಗೀರರ ಜೊತೆ ಒಂದೇ ಕೋಣೆಯಲ್ಲಿ ಇದ್ದು ಐದೆಲೆ ಆಟ ಕಲಿತವರು. ಈಗ ಹತ್ತಿಯ ನಡುವೆ ಕೂತು, ಗೇಣುದ್ದದ ಸೂಜಿಯಿಂದ ಗಾದಿ ಹೊಲಿಯುತ್ತಿದ್ದರು. ಸಲಾಮು, ಕ್ಷೇಮಸಮಾಚಾರ ಮುಗಿಯಿತು. ಕುಲ್ಸುಮ್ ಏನನ್ನೂ ಹೇಳದೆ ರಬ್ಬರ್ ಬಿಚ್ಚಿ ಐದು ಎಲೆಗಳನ್ನು ಅರ್ಧ ಹೊಲಿದ ಗಾದಿಯ ಮೇಲೆ ಇಟ್ಟಳು.

ಸೂಜಿ ನಿಂತಿತು. ಸತ್ತಾರ್ ಸಾಬರು ಎಲೆ ನೋಡಿದರು, ಸೂಜಿಯನ್ನು ಗಾದಿಗೆ ಚುಚ್ಚಿ ಎದ್ದು ನಿಂತರು.

"ಯಾರಿಗೆ ಬಂತಿದು?"

"ಯಾಕ ಎದ್ರಿ ಭಾಯಿಜಾನ್?"

"ಏಳದ ಇರ್ತಾರೇನಮಾ? ಏಳು ವರ್ಷದಾಗ ಕ್ಯಾಂಪಿನ್ಯಾಗ ಒಂದ ಸಲ ನೋಡೀನಿ. ಫಿಲಿಪೀನಿನಾವ ಒಬ್ಬಗ ಬಂದಿತ್ತು. ಎಲಿ ಹಾಸಿ ಸುಮ್ಮನ ಕುಂತ. ಆಡಾಕ ಕುಂತವ್ರೆಲ್ಲಾ ಎದ್ದು ನಿಂತ್ರು. ಅಡಿಗಿಯಾವ ಉಳ್ಳಾಗಡ್ಡಿ ಹೆಚ್ಚೂದು ಬಿಟ್ಟು ಚಾಕು ಹಿಡ್ಕೊಂಡ ಓಡಿ ಬಂದ ನೋಡಾಕ. ನಿನ್ನ ಗಂಡ ಆ ರಾತ್ರಿ ನಿದ್ದಿ ಮಾಡ್ಲಿಲ್ಲ. ನನ್ನ ಜನ್ಮದಾಗ ಒಮ್ಮೆ ಬರಬೇಕು ಸತ್ತಾರಾ ಅಂತಿದ್ದ."

"ಸೀಕ್ವೆನ್ಸು ಫುಲ್ ಹೌಸಿಗಿಂತ ಕೆಳಗ ಅಂತಲ್ಲ?"

"ಹೌದು, ಕೆಳಗ."

"ಕಲರ್?"

"ಅದೂ ಕೆಳಗ. ಆದ್ರ ಇದು ಅದೂ ಅಲ್ಲ, ಇದೂ ಅಲ್ಲ. ಸಾಲಾಗಿ ಬರೂದು ಒಂದು ಮಾತು, ಒಂದೇ ಗುರುತಿನವು ಬರೂದು ಒಂದು ಮಾತು. ಎರಡೂ ಒಂದ ಕೈಯಾಗ ಕೂಡಿ ಬಂದ್ರ ಮೂರನೇದು ಹುಟ್ತದ. ಸ್ಟ್ರೇಟ್ ಫ್ಲಶ್ ಅಂತಾರ. ಫುಲ್ ಹೌಸ್ ಏನು, ನಾಕು ಎಕ್ಕಾ ಇದ್ರೂ ಇದರ ಕೆಳಗ. ಮೂರೆಲಿ ಆಡಾವ್ರಿಗೆ ಇದು ತಲಿಗೆ ಹೋಗಂಗಿಲ್ಲ. ಅವ್ರ ಆಟದಾಗ ಮೂರು ಎಕ್ಕಾನ ಬಾದಶಾಹ."

ಎರಡು ಬೆರಳು ಕೂಡಿಸಿ ಎತ್ತಿ ಹಿಡಿದಿದ್ದ ಗಂಡನ ಕೈ ಕುಲ್ಸುಮ್‌ಳ ಕಣ್ಣ ಮುಂದೆ ಬಂತು. ಅವಳು ನಿಧಾನವಾಗಿ, ಒಗೆದ ಕೆಂಪು ಒಂಬತ್ತಿನ ಸಂಗತಿ ಹೇಳಿದಳು.

ಸತ್ತಾರ್ ಸಾಬರು ಮತ್ತೆ ಕೂತರು. "ಜೋಡಿ ಮುರದ್ನಾ? ಕೈಯಾಗ ಇದ್ದದ್ದು ಬಿಟ್ಟು, ಬರ್ತದೋ ಇಲ್ಲೋ ತಿಳೀದ ಎಲಿಗೆ ಕಾದ್ನಾ? ಅಮಾ, ತಲಿ ಹೋದಾವ ಜೋಡಿ ಮುರಿಯಂಗಿಲ್ಲ. ಅದನ್ನ ಮುರಿಯಾಕ ನಾಕು ಎಲಿ ಮುಂದ ನೋಡಬೇಕು. ನನ್ನ ತಲಿ ನೆಟ್ಟಗದ, ನನಗ ಧೈರ್ಯ ಆಗ್ತಿದ್ದಿಲ್ಲ."

ಸಂಜೆ ಮಾನ್ವಿಗೆ ಇಳಿದವಳೇ ಅವಳು ಗಿರಣಿಗೆ ಹೋದಳು. ವಿರೂಪಣ್ಣ ಮೊದಲು, "ಯಾವ ಊರಿನ ಕಾಯ್ದೆರಿ ಇದು? ಎರಡು ಸೋತ ಕೈ ಕೂಡಿದ್ರ ಗೆದ್ದ ಕೈ ಆಗ್ತದೇನು?" ಅಂದರು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದರು. ಮೋಟಾರು ನಿಲ್ಲಿಸಲು ಹೇಳಿ ಅಕ್ಕಿ ಚೀಲದ ಮೇಲೆ ಕೂತರು.

"ಇಪ್ಪತ್ತು ವರ್ಷದಾಗ ಬಂದಿದ್ದಿಲ್ಲ ಭಾಬಿ. ಬರದ್ದು ನನಗ ಹ್ಯಾಂಗ ತಿಳೀಬೇಕು? ನಾ ಸುಳ್ಳು ಹೇಳಲಿಲ್ಲ."

"ಹೌದು ಅಣ್ಣಾರ. ನೀವು ಸುಳ್ಳು ಹೇಳಲಿಲ್ಲ."

ಇಬ್ಬರೂ ಅಲ್ಲಿಯೇ ಬಹಳ ಹೊತ್ತು ಕೂತರು. ಒಬ್ಬರನ್ನೊಬ್ಬರು ಬೈಯಲಿಕ್ಕಾದರೂ ಬಂದಿದ್ದರೆ ಹಗುರಾಗುತ್ತಿತ್ತು.

ಮರುದಿನ ಫೋನಿನಲ್ಲಿ ಮಲ್ಲೇಶ್ವರಿ ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡಳು. ಜೋಡಿ ಮುರಿದ ಮಾತನ್ನು ಮಾತ್ರ ಮೂರನೆಯ ಸಲವೂ ಹೇಳಿಸಿಕೊಂಡಳು. "ನಂದ ತಪ್ಪು ಯವ್ವಾ," ಅಂದಳು. "ಗಿಣಿ ತೋರಸ್ರಿ ಅಂದ್ನಲ್ಲ ನಾ ಅವ್ರಿಗೆ. ಜಾಗಾ ಹೋಗ್ಯದ. ಆದ್ರ ಸೋಮವಾರ ಕರ್ಕೊಂಡ ಬರ್ರಿ, ನನ್ನ ಊಟದ ಹೊತ್ತಿನ್ಯಾಗ ದಿನಾ ಒಂದು ತಾಸು ಕಲಸ್ತೀನಿ. ದೊಡ್ಡ ಡಾಕ್ಟರಿಗೆ ನಾ ಹೇಳ್ತೀನಿ. ಎಲಿ ಸಹಿತ ತರ್ರಿ."

ಕುಲ್ಸುಮ್ ಫೋನು ಇಟ್ಟವಳೇ ಓಡಿ ಬಂದಳು. ಮಂಚದ ಹತ್ತಿರ ಕೂತು ಗಂಡನಿಗೆ ಎಲ್ಲ ಹೇಳಿದಳು. ಸತ್ತಾರ್ ಸಾಬರು ಎದ್ದು ನಿಂತದ್ದನ್ನೂ ಹೇಳಿದಳು. ಅವರು ಕೇಳಿದರು. ಕೇಳಿದ್ದು ಅವರ ಕತ್ತಿನ ನರದಲ್ಲಿ ಅವಳಿಗೆ ಕಂಡಿತು. ವಿರೂಪಣ್ಣ ಬಂದು, "ನೀ ಗೆದ್ದಿದ್ದಿ ದಸ್ತಗೀರಾ. ನಾ ಕುರುಡ. ಬೈಯಲೇ, ಒಂದ ಸಲ ಬೈಯೋ" ಅಂದು ಕಾಲು ಮುಟ್ಟಿದರು. ದಸ್ತಗೀರ್ ಅವರ ಮುಖವನ್ನು ಬಹಳ ಹೊತ್ತು ನೋಡಿ ಕಣ್ಣು ಮುಚ್ಚಿದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹುಸೇನಪ್ಪ ಆಟೋ ತಂದು ಬಾಗಿಲಿಗೆ ಹಚ್ಚಿದ. ಕುಲ್ಸುಮ್ ಗಂಡನಿಗೆ ಇಸ್ತ್ರಿ ಮಾಡಿದ ಜುಬ್ಬಾ ತೊಡಿಸಿದಳು. ಸುಮ್ಮನೆ ತೊಡಿಸಿಕೊಂಡರು. ಕೂದಲು ಬಾಚಿದಳು, ಬಾಚಿಸಿಕೊಂಡರು. "ರಾಯಚೂರಿಗೆ ಹೋಗೂಣು, ಏಳ್ರಿ" ಅಂದಾಗ ಎಡಗೈ ಚಾಚಿ ಮಂಚದ ಪಟ್ಟಿಯನ್ನು ಹಿಡಿದರು.

ಹುಸೇನಪ್ಪ ತೋಳಿನ ಕೆಳಗೆ ಕೈ ಹಾಕಿದ. ಬರಲಿಲ್ಲ. ಬೆಳಿಗ್ಗೆಯೇ ಬಂದಿದ್ದ ವಿರೂಪಣ್ಣ ಕಾಲು ಹಿಡಿದರು. ಮಂಚವೇ ಒಂದು ಗೇಣು ಸರಿಯಿತು, ಹಿಡಿತ ಸಡಿಲಾಗಲಿಲ್ಲ. ಲಕ್ವಾ ಹೊಡೆದು ಮೂರು ತಿಂಗಳಾದ ಮನುಷ್ಯನಲ್ಲಿ ಅಷ್ಟು ಬಲ ಎಲ್ಲಿತ್ತೋ. ಚೀರಲಿಲ್ಲ, ಕೊಸರಾಡಲಿಲ್ಲ, ಮುಖದಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ.

"ನಕ್ಕೋ ಅಂತರ ಅನ್ರಿ," ಅಂದಳು ಕುಲ್ಸುಮ್, ಅವರ ಕಿವಿಯ ಹತ್ತಿರ ಬಾಯಿ ತಂದು. "ಒಂದ ಸಲ ಅನ್ರಿ. ಎಳದರ ಅನ್ರಿ, ಕಡದರ ಅನ್ರಿ. ನಾ ತಿಳಕೋತೀನಿ."

ಅವರು ಅವಳನ್ನು ನೋಡಿದರು. ಆ ನೋಟದಲ್ಲಿ ಅವಳಿಗೆ ಎಲ್ಲಾ ತಿಳಿಯಿತು. ಆ ಬುಧವಾರ ಗಾಲಿಕುರ್ಚಿಯಲ್ಲಿ ಕೂತು ಅವರು ಒಂದೊಂದು ಶಬ್ದವನ್ನೂ ಕೇಳಿಸಿಕೊಂಡಿದ್ದರು. ಸಾಲಿಯಿಂದ ಜೊತೆಗಿದ್ದ ಗೆಳೆಯ ಹೇಳಿದ್ದನ್ನು, ಮೇಡಂ ಬರೆದದ್ದನ್ನು, ತಾವು ಉಳಿದ ಒಂದೇ ಮಾತಿನಲ್ಲಿ ನಾಲ್ಕು ಬಗೆಯಾಗಿ ಬೇಡಿಕೊಂಡದ್ದು ಯಾರಿಗೂ ಮುಟ್ಟದೆ ಹೋದದ್ದನ್ನು. ಇನ್ನೊಮ್ಮೆ ಯಾರ ಮುಂದೆಯೂ ಹಾಗೆ ಕೂತು ತಾನು ಬದುಕಿದ್ದೇನೆಂದು ತೋರಿಸಿಕೊಡಲು ಅವರು ತಯಾರಿರಲಿಲ್ಲ. ತಿಳುವಳಿಕೆ ಇತ್ತು. ಇದ್ದದ್ದಕ್ಕೇ ಹೀಗೆ ಹಿಡಿದಿದ್ದರು.

"ಬೆರಳು ಬಿಡಸ್ಲೇನಬೇ?" ಹುಸೇನಪ್ಪ ಕೇಳಿದ. "ಒಂದೊಂದ ಬಿಡಿಸಿ ಎತ್ಕೊಂಡ ಹೋಗೂಣು."

"ಬ್ಯಾಡೋ," ಅಂದರು ವಿರೂಪಣ್ಣ.

ಒಂಬತ್ತರ ಬಸ್ಸು ಹೋಯಿತು. ಹತ್ತರದೂ ಹೋಯಿತು. ಹುಸೇನಪ್ಪ ಬಾಡಿಗೆ ಬಂದು ಆಟೋ ತೆಗೆದುಕೊಂಡು ಹೋದ. ಹನ್ನೆರಡೂವರೆಗೆ ಫೋನು ಬಂತು.

"ಎಲ್ಲಿದ್ದೀರಿ ಯವ್ವಾ? ಊಟ ಬಿಟ್ಟು ಕುಂತೀನಿ ನಾ."

"ಬರಂಗಿಲ್ಲ ಅಂತಾರ್ರಿ ಬಾಯಿ."

"ಅಂತಾರಾ? ಬಾಯಿಲೆ ಅಂದ್ರಾ?" ಮಲ್ಲೇಶ್ವರಿಯ ದನಿ ಏರಿತು.

"ಇಲ್ರಿ."

"ಮತ್ತ ನಿಮಗ ಹ್ಯಾಂಗ ತಿಳೀತ್ರಿ?"

ಕುಲ್ಸುಮ್ ಮಂಚದ ಕಡೆ ನೋಡಿದಳು. ಇಸ್ತ್ರಿಯ ಜುಬ್ಬಾ ಸುಕ್ಕಾಗಿತ್ತು. ಗಂಡ ಗೋಡೆಯ ಕಡೆ ತಿರುಗಿದ್ದರು. ಕೈ ಇನ್ನೂ ಪಟ್ಟಿಯ ಮೇಲೆಯೇ ಇತ್ತು. ಹೊಸ್ತಿಲಲ್ಲಿ ಕೂತಿದ್ದ ವಿರೂಪಣ್ಣ, ಅವಳು ಏನು ಹೇಳುತ್ತಾಳೋ ಎಂದು ತಲೆ ಎತ್ತಿದರು. ಆ ಕಡೆ ಮಲ್ಲೇಶ್ವರಿ, "ಹಲೋ, ಯವ್ವಾ, ಅದೀರೇನು?" ಅನ್ನುತ್ತಿದ್ದಳು. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ.